ಅರವತ್ತರ ನಂತರದ ಮಿರ್ದಿಫ್

ನವೆಂಬರ್ ಬಂತೆಂದರೆ ದುಬೈಯ ಮುಷ್ರಿಫ್ ಪಾರ್ಕಿನಲ್ಲಿ ಸಂಜೆ ಹೊತ್ತು ಹಿರಿಯರದೇ ಓಡಾಟ. ಕಾಟನ್ ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ ಅಜ್ಜಿಯರು, ಮಂಕಿ ಕ್ಯಾಪ್ ತೊಟ್ಟ ಅಜ್ಜಂದಿರು, ಮುಂದೆ ಸೈಕಲ್ ತುಳಿಯುವ ಮೊಮ್ಮಕ್ಕಳು. ಕಿವಿಗೊಟ್ಟರೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಕೇಳುತ್ತವೆ. ಐದು ಚದರ ಕಿಲೋಮೀಟರ್‌ಗೂ ದೊಡ್ಡದಾದ ಈ ಪಾರ್ಕಿನ ತುಂಬ ಘಾಫ್ ಮರಗಳು. ನಮ್ಮಲ್ಲಿ ವಿಜಯದಶಮಿಗೆ ಪೂಜಿಸುವ ಬನ್ನಿ ಮರವೇ ಅದು.

ಪಾರ್ಕಿಗೆ ಅಂಟಿಕೊಂಡಿರುವ ಬಡಾವಣೆ ಮಿರ್ದಿಫ್. ದುಬೈ ಎಂದೊಡನೆ ಕಣ್ಣಿಗೆ ಬರುವ ಗಗನಚುಂಬಿಗಳು ಇಲ್ಲಿಲ್ಲ. ಒಂದು, ಎರಡು ಮಹಡಿಯ ವಿಲ್ಲಾಗಳು, ಕಾಂಪೌಂಡಿನೊಳಗೆ ನಾಲ್ಕು ಗಿಡ, ನಡೆದು ಹೋಗುವಷ್ಟು ದೂರದಲ್ಲಿ ಅಂಗಡಿ, ಕ್ಲಿನಿಕ್. ವಿಮಾನ ನಿಲ್ದಾಣ ಹತ್ತಿರವಿರುವುದರಿಂದ ತಲೆಯ ಮೇಲೆ ವಿಮಾನದ ಸದ್ದು ಮಾತ್ರ ತಪ್ಪದು. ‘ಇನ್ನು ಊರಿಗೆ ಹೋಗಿ ಮಾಡುವುದೇನು? ಮಕ್ಕಳೆಲ್ಲ ಇಲ್ಲೇ ಇದ್ದಾರಲ್ಲ’ ಎಂಬ ಮಾತು ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಈಗ ಸಾಮಾನ್ಯ. ಒಂದು ತಲೆಮಾರಿನ ಹಿಂದೆ ಇಂಥ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಕ್ಯಾನ್ಸಲ್ ಮಾಡಿ ಹೋಗುವ ಕಾಲ

ಎಪ್ಪತ್ತು, ಎಂಬತ್ತರ ದಶಕದಲ್ಲಿ ಉಡುಪಿ, ಮಂಗಳೂರು, ಭಟ್ಕಳದಿಂದ ಬಂದವರಿಗೆ ಗಲ್ಫ್ ದುಡಿಯುವ ಜಾಗವಾಗಿತ್ತು, ಬಾಳುವ ಜಾಗವಾಗಿರಲಿಲ್ಲ. ವೀಸಾ ಕೆಲಸಕ್ಕೆ ಗಂಟುಬಿದ್ದಿತ್ತು. ಕೆಲಸ ಮುಗಿದರೆ ‘ವೀಸಾ ಕ್ಯಾನ್ಸಲ್ ಮಾಡಿ’ ಊರಿಗೆ ಹೊರಡಬೇಕು. ಆ ದಿನಕ್ಕೆಂದೇ ಊರಲ್ಲಿ ತಾರಸಿ ಮನೆ ಎದ್ದಿತ್ತು, ತೋಟ ಖರೀದಿಯಾಗಿತ್ತು. ಕರಾವಳಿಯ ಹಳ್ಳಿಗಳಲ್ಲಿ ಇಂದು ಬೀಗ ಹಾಕಿ ನಿಂತಿರುವ ದೊಡ್ಡ ಮನೆಗಳಲ್ಲಿ ಹಲವು ಅಂಥ ಲೆಕ್ಕಾಚಾರದಿಂದ ಹುಟ್ಟಿದವು.

ಲೆಕ್ಕ ಬದಲಾಗಿದ್ದು 2020ರಲ್ಲಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ದುಬೈ ನಿವೃತ್ತರಿಗೆಂದೇ ಐದು ವರ್ಷದ, ಮತ್ತೆ ನವೀಕರಿಸಬಹುದಾದ ವೀಸಾ ತಂದಿತು. ವಯಸ್ಸು 55 ಆಗಿರಬೇಕು. ಜೊತೆಗೆ ಹಣದ ಷರತ್ತು. ಈಗಿನ ನಿಯಮದಂತೆ 10 ಲಕ್ಷ ದಿರ್ಹಮ್ ಉಳಿತಾಯ, ಇಲ್ಲವೇ ಅಷ್ಟೇ ಬೆಲೆಯ ಆಸ್ತಿ, ಅದೂ ಇಲ್ಲವಾದರೆ ತಿಂಗಳಿಗೆ 15,000 ದಿರ್ಹಮ್ ಆದಾಯ. ಯುಎಇಯ ಉಳಿದ ಎಮಿರೇಟ್‌ಗಳಲ್ಲಿ ಈ ಆದಾಯ 20,000 ದಿರ್ಹಮ್ ಇರಬೇಕು. 20 ಲಕ್ಷ ದಿರ್ಹಮ್ ಆಸ್ತಿ ಇದ್ದವರಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ದಾರಿಯೂ ಉಂಟು.

ದಿರ್ಹಮ್‌ಗೆ 23 ರೂಪಾಯಿಯಂತೆ ಹಿಡಿದರೂ 10 ಲಕ್ಷ ದಿರ್ಹಮ್ ಎಂದರೆ 2.3 ಕೋಟಿ ರೂಪಾಯಿ. 15,000 ದಿರ್ಹಮ್ ಎಂದರೆ ತಿಂಗಳಿಗೆ ಸುಮಾರು ಮೂರೂವರೆ ಲಕ್ಷ.

ಗ್ರಾಚ್ಯುಟಿಯ ಗಣಿತ

ಇಷ್ಟು ಹಣ ನೌಕರದಾರನ ಕೈಯಲ್ಲಿ ಇರುತ್ತದೆಯೇ? ಯುಎಇಯಲ್ಲಿ ವಿದೇಶಿ ನೌಕರರಿಗೆ ಸರ್ಕಾರಿ ಪಿಂಚಣಿ ಇಲ್ಲ. ಸಿಗುವುದು ಗ್ರಾಚ್ಯುಟಿ. ಮೊದಲ ಐದು ವರ್ಷಕ್ಕೆ ವರ್ಷವೊಂದಕ್ಕೆ 21 ದಿನದ ಮೂಲವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲವೇತನ. ಒಟ್ಟು ಮೊತ್ತ ಎರಡು ವರ್ಷದ ಸಂಬಳವನ್ನು ಮೀರುವಂತಿಲ್ಲ.

ಮೂಲವೇತನ 10,000 ದಿರ್ಹಮ್ ಇರುವ ಒಬ್ಬರು 25 ವರ್ಷ ದುಡಿದರು ಎನ್ನಿ. ಮೊದಲ ಐದು ವರ್ಷಕ್ಕೆ 105 ದಿನ, ಉಳಿದ ಇಪ್ಪತ್ತಕ್ಕೆ 600 ದಿನ, ಒಟ್ಟು 705 ದಿನದ ವೇತನ. ಕೈಗೆ ಬರುವುದು 2,35,000 ದಿರ್ಹಮ್. ನಿವೃತ್ತಿ ವೀಸಾ ಕೇಳುವ ಉಳಿತಾಯದ ಕಾಲು ಭಾಗವೂ ಆಗಲಿಲ್ಲ. ಎರಡು ವರ್ಷದ ಮಿತಿಯನ್ನು ಮೂಲವೇತನದ ಮೇಲೆ ಲೆಕ್ಕ ಹಾಕಿದರೆ 26ನೇ ವರ್ಷಕ್ಕೆ ಅದನ್ನೂ ಮುಟ್ಟಿಬಿಡುತ್ತದೆ. ಅದೇ ಸಂಬಳದಲ್ಲಿ ಆಮೇಲೆ ಎಷ್ಟು ದುಡಿದರೂ ಗ್ರಾಚ್ಯುಟಿ ಬೆಳೆಯದು. ಆದಾಯ ತೆರಿಗೆ ಇಲ್ಲದ ನಾಡೆಂಬುದು ನಿಜ. ಆದರೆ ಆ ತೆರಿಗೆಯ ಹಣವನ್ನು ತಿಂಗಳು ತಿಂಗಳು ಎತ್ತಿಟ್ಟವರಿಗೆ ಮಾತ್ರ ಅದರ ಲಾಭ ಮುಪ್ಪಿನಲ್ಲಿ ಸಿಗುತ್ತದೆ.

ಹಾಗಾಗಿ ಪಾರ್ಕಿನಲ್ಲಿ ಕಾಣುವ ಹಿರಿಯರೆಲ್ಲ ನಿವೃತ್ತಿ ವೀಸಾದವರಲ್ಲ. ಮಗನದೋ ಮಗಳದೋ ವೀಸಾದ ಆಸರೆಯಲ್ಲಿ ಇರುವವರೂ ಇದ್ದಾರೆ. ಮಕ್ಕಳದು ಸಾಮಾನ್ಯ ಕೆಲಸದ ವೀಸಾ ಆಗಿದ್ದರೆ ಅಪ್ಪ–ಅಮ್ಮನಿಗೆ ಸಿಗುವುದು ಒಂದು ವರ್ಷದ ವಾಸ. ವರ್ಷ ವರ್ಷವೂ ನವೀಕರಣ, ವರ್ಷ ವರ್ಷವೂ ಆರೋಗ್ಯ ವಿಮೆ. ಮಗನ ಕೆಲಸ ಹೋದರೆ ಇವರ ವೀಸಾವೂ ಹೋಯಿತು.

ಸುಖವೂ ಇದೆ

ಇಷ್ಟಾದರೂ ಜನ ಇಲ್ಲಿ ಉಳಿಯಲು ಬಯಸುವುದು ಸುಮ್ಮನೆ ಅಲ್ಲ. ರಸ್ತೆ ಸ್ವಚ್ಛ. ರಾತ್ರಿ ಹತ್ತಕ್ಕೆ ಹೆಂಗಸೊಬ್ಬರೇ ವಾಕಿಂಗ್ ಹೋಗಬಹುದು. ಕರೆಂಟ್ ಹೋಗುವ ಮಾತಿಲ್ಲ. ಬೇಸಿಗೆಯಲ್ಲಿ 45 ಡಿಗ್ರಿ ಬಿಸಿಲಿದ್ದಾಗ ನಡಿಗೆ 2010ರಲ್ಲಿ ತೆರೆದ ಸಿಟಿ ಸೆಂಟರ್ ಮಿರ್ದಿಫ್ ಮಾಲಿನೊಳಗೆ ನಡೆಯುತ್ತದೆ. 2025ರ ಆಗಸ್ಟ್‌ನಲ್ಲಂತೂ ದುಬೈ ಆಡಳಿತವೇ ಈ ಮಾಲ್ ಸೇರಿದಂತೆ ಹಲವು ಮಾಲ್‌ಗಳನ್ನು ಬೆಳಗಿನ ಹೊತ್ತು ನಡೆಯುವವರಿಗೆ ತೆರೆಸಿತ್ತು.

ಹೊತ್ತು ಕಳೆಯುವುದಕ್ಕೂ ಕೊರತೆಯಿಲ್ಲ. ಶಾರ್ಜಾ, ದುಬೈ, ಅಬುಧಾಬಿಗಳಲ್ಲಿ ಕರ್ನಾಟಕ ಸಂಘಗಳಿವೆ, ಮಕ್ಕಳಿಗೆ ಕನ್ನಡ ಪಾಠಶಾಲೆ ಇದೆ, ಯಕ್ಷಗಾನ ಕಲಿಸುವವರೂ ಇದ್ದಾರೆ. ಜಬಲ್ ಅಲಿಯಲ್ಲಿ 2022ರಲ್ಲಿ, ಅಬುಧಾಬಿಯಲ್ಲಿ 2024ರಲ್ಲಿ ಹೊಸ ದೇವಸ್ಥಾನಗಳು ತೆರೆದಿವೆ. ಆದರೆ ಕಾರು ಓಡಿಸಲು ಬಾರದ ಹಿರಿಯರಿಗೆ ಇವೆಲ್ಲ ಮಕ್ಕಳ ಬಿಡುವಿನ ಮೇಲೆ ನಿಂತಿವೆ. ಮಿರ್ದಿಫ್ ಮುಟ್ಟಲಿರುವ ಮೆಟ್ರೊ ನೀಲಿ ಮಾರ್ಗಕ್ಕೆ 2029ರ ಗಡುವಿದೆ.

ಗಮನಿಸಬೇಕಾದ ನಾಲ್ಕು ಸಂಗತಿ

ಮೊದಲನೆಯದು ಮನೆ. ಮಿರ್ದಿಫ್‌ನ ವಿಲ್ಲಾಗಳು ಬಹುಪಾಲು ಎಮಿರಾತಿಗಳವು, ನಮಗೆ ಬಾಡಿಗೆಗೆ ಸಿಗುತ್ತವೆ. ವಿದೇಶಿಯರು ಕೊಳ್ಳುವುದಿದ್ದರೆ ಮಿರ್ದಿಫ್ ಹಿಲ್ಸ್‌ನಂಥ ಫ್ರೀಹೋಲ್ಡ್ ಯೋಜನೆಯನ್ನೇ ನೋಡಬೇಕು. ವರ್ಷದ ಬಾಡಿಗೆಯನ್ನು ಒಂದು, ಎರಡು ಅಥವಾ ನಾಲ್ಕು ಚೆಕ್‌ನಲ್ಲಿ ಮೊದಲೇ ಬರೆದುಕೊಡುವುದು ಇಲ್ಲಿನ ರೂಢಿ. ಅದರ ಮೇಲೆ ಬಾಡಿಗೆಯ ಶೇ 5ರಷ್ಟು ಹೌಸಿಂಗ್ ಫೀ ನೀರು–ಕರೆಂಟ್ ಬಿಲ್ಲಿನೊಂದಿಗೆ ಕಂತುಕಂತಾಗಿ ಬರುತ್ತದೆ.

ಎರಡನೆಯದು ಆರೋಗ್ಯ. ದುಬೈಯಲ್ಲಿ 2013ರ ಕಾನೂನಿನಂತೆ ಆರೋಗ್ಯ ವಿಮೆ ಕಡ್ಡಾಯ. ಅರವತ್ತೈದು ದಾಟಿದವರಿಗೆ, ಅದರಲ್ಲೂ ಸಕ್ಕರೆ, ಬಿಪಿ, ಹೃದಯದ ತೊಂದರೆ ಇದ್ದವರಿಗೆ ಪ್ರೀಮಿಯಂ ಏರುತ್ತದೆ. ಮೂಲಭೂತ ವಿಮೆಯ ವಾರ್ಷಿಕ ಮಿತಿ 1,50,000 ದಿರ್ಹಮ್. ದೊಡ್ಡ ಶಸ್ತ್ರಚಿಕಿತ್ಸೆ, ದೀರ್ಘ ಶುಶ್ರೂಷೆ ಎಂದಾಗ ಮಂಗಳೂರು, ಮಣಿಪಾಲದ ಆಸ್ಪತ್ರೆಗಳೇ ಅನೇಕರಿಗೆ ನೆನಪಾಗುತ್ತವೆ.

ಮೂರನೆಯದು ದಿನಗಳ ಲೆಕ್ಕ. ‘ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ’ ಎನ್ನುವುದು ಕೇಳಲು ಚೆಂದ. ಆದರೆ ಸಾಮಾನ್ಯ ವಾಸದ ವೀಸಾ ಇದ್ದವರು ಒಂದೇ ಸಮನೆ ಆರು ತಿಂಗಳಿಗಿಂತ ಹೆಚ್ಚು ಯುಎಇ ಹೊರಗಿದ್ದರೆ ವೀಸಾ ರದ್ದಾಗುತ್ತದೆ. ಗೋಲ್ಡನ್ ವೀಸಾದವರಿಗೆ ಈ ನಿರ್ಬಂಧವಿಲ್ಲ. ಇತ್ತ ಭಾರತದಲ್ಲಿ ಹಣಕಾಸು ವರ್ಷವೊಂದರಲ್ಲಿ 182 ದಿನ ಕಳೆದರೆ ತೆರಿಗೆ ಇಲಾಖೆ ನಿಮ್ಮನ್ನು ನಿವಾಸಿ ಎಂದೇ ಪರಿಗಣಿಸುತ್ತದೆ. ಭಾರತದ ಆದಾಯ 15 ಲಕ್ಷ ರೂಪಾಯಿ ದಾಟಿದವರಿಗೆ 120 ದಿನದ ಗೆರೆಯೂ ಇದೆ. ಕಾಯಂ ಆಗಿ ಊರಿಗೆ ಮರಳಿದ ಮೇಲೆ ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ಅದರ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿ ಅಲ್ಲಿಗೆ ಮುಗಿಯುತ್ತದೆ.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯ ಯಜಮಾನ ತೀರಿಕೊಂಡರೆ ಬ್ಯಾಂಕ್ ಖಾತೆಗಳು ಕೋರ್ಟಿನ ಆದೇಶ ಬರುವವರೆಗೆ ತಡೆಹಿಡಿಯಲ್ಪಡಬಹುದು. ದುಬೈಯಲ್ಲಿ ಮುಸ್ಲಿಮೇತರರ ವಿಲ್ ನೋಂದಣಿಗೆ ಅಲ್ಲಿನ ಹಣಕಾಸು ಕೇಂದ್ರ ಡಿಐಎಫ್‌ಸಿಯಲ್ಲಿ 2015ರಿಂದ ವ್ಯವಸ್ಥೆ ಇದೆ. ವಿಲ್ ಇಲ್ಲದೆ ಹೋದರೆ ದುಃಖದ ನಡುವೆ ಹೆಂಡತಿ, ಮಕ್ಕಳು ಕಚೇರಿ ಅಲೆಯಬೇಕಾಗುತ್ತದೆ. ಶವವನ್ನು ಊರಿಗೆ ಕಳಿಸುವ ಮುನ್ನ ಕೆಡದಂತೆ ಸಿದ್ಧಪಡಿಸುವ ಕೇಂದ್ರ ಮಿರ್ದಿಫ್‌ನ ಪಕ್ಕದ ಮುಹೈಸಿನಾದಲ್ಲೇ ಇದೆ. ಹಿಂದೂಗಳ ಅಂತ್ಯಸಂಸ್ಕಾರ ಇಲ್ಲಿಯೇ ಆಗಬೇಕೆಂದರೆ ಜಬಲ್ ಅಲಿಗೆ ಹೋಗಬೇಕು. ಯಾವುದು ಬೇಕೆಂದು ಮಕ್ಕಳಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಹಣ, ಆರೋಗ್ಯ, ಹತ್ತಿರದಲ್ಲಿ ಮಕ್ಕಳು ಈ ಮೂರೂ ಇದ್ದವರಿಗೆ ಮಿರ್ದಿಫ್ ಮುಪ್ಪಿಗೆ ಒಳ್ಳೆಯ ಜಾಗವೇ. ಒಂದು ಕೈಕೊಟ್ಟರೂ ಇನ್ನೆರಡರ ಮೇಲೆ ಭಾರ ಬೀಳುತ್ತದೆ. ಇಲ್ಲಿ ಎಷ್ಟು ವರ್ಷ ಬಾಳಿದರೂ ಪೌರತ್ವ ತಾನಾಗಿ ಬರುವುದಿಲ್ಲ, ಅವಧಿ ಮುಗಿದಾಗಲೆಲ್ಲ ಅರ್ಹತೆಯನ್ನು ಮತ್ತೆ ತೋರಿಸಲೇಬೇಕು. ಆದ್ದರಿಂದ ಗಲ್ಫ್ ಕನ್ನಡಿಗರಿಗೆ ಹೇಳುವುದಿಷ್ಟು: ಈ ಲೆಕ್ಕಕ್ಕೆ ಅರವತ್ತರಲ್ಲಿ ಅಲ್ಲ, ನಲವತ್ತೈದರಲ್ಲೇ ಗಂಡ–ಹೆಂಡತಿ ಇಬ್ಬರೂ ಕೂತುಕೊಳ್ಳಿ. ದುಬೈಯಲ್ಲಿ ಉಳಿಯುವ ಮನಸ್ಸಿದ್ದರೆ ಉಳಿಯಿರಿ, ಆದರೆ ಆ ಭರವಸೆಯಲ್ಲಿ ಊರಿನ ಮನೆಯನ್ನು ಮಾತ್ರ ಮಾರಬೇಡಿ.