ವಯೋವೃದ್ಧ ರೋಗಿಗಳ ಹಾಗೂ ಗರ್ಭಿಣಿಯರ ಶುಶ್ರೂಷೆ: ಸಾರ್ವಜನಿಕರಿಗೆ ಮಾಹಿತಿ

ಕುಟುಂಬದ ಸದಸ್ಯರಲ್ಲಿ ಗರ್ಭಿಣಿಯರು ಹಾಗೂ ವಯೋವೃದ್ಧರಿಗೆ ವಿಶೇಷ ಶುಶ್ರೂಷೆಯು ಅವಶ್ಯಕವಾಗಿರುತ್ತದೆ. ಇವರ ತೊಂದರೆಗಳನ್ನು "ಬಸಿರಿನಲ್ಲಿ ಇದೆಲ್ಲ ಸಹಜ" ಎಂದೋ, "ವಯಸ್ಸಾದ ಮೇಲೆ ಇದ್ದದ್ದೇ" ಎಂದೋ ಕಡೆಗಣಿಸುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಇದರಿಂದ ಚಿಕಿತ್ಸೆ ವಿಳಂಬವಾಗಿ ಪ್ರಾಣಾಪಾಯ ಸಂಭವಿಸಬಹುದು. ಮನೆಯಲ್ಲಿ ಕೈಗೊಳ್ಳಬೇಕಾದ ಆರೈಕೆ, ಆಸ್ಪತ್ರೆಗೆ ಕರೆದೊಯ್ಯಬೇಕಾದ ಸಂದರ್ಭ ಹಾಗೂ ದೊರೆಯುವ ಸೌಲಭ್ಯಗಳನ್ನು ಇಲ್ಲಿ ವಿವರಿಸಲಾಗಿದೆ.

ಗರ್ಭಿಣಿಯರ ಆರೈಕೆ

ಗರ್ಭ ಧರಿಸಿದ ವಿಷಯ ತಿಳಿದ ಕೂಡಲೇ, 12 ವಾರಗಳೊಳಗಾಗಿ, ಸಮೀಪದ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯತಕ್ಕದ್ದು. ಹೆರಿಗೆಗೆ ಮೊದಲು ಕನಿಷ್ಠ 4 ಬಾರಿ ತಪಾಸಣೆ ಮಾಡಿಸಿಕೊಳ್ಳಬೇಕು. ಪ್ರತಿ ತಪಾಸಣೆಯಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಮತ್ತು ಮೂತ್ರ ಪರೀಕ್ಷೆಯ ವಿವರಗಳನ್ನು ಕಾರ್ಡಿನಲ್ಲಿ ದಾಖಲಿಸಲಾಗುತ್ತದೆ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಸಲಾಗುತ್ತದೆ.

ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಪ್ರಮಾಣ 11 ಗ್ರಾಂಗಿಂತ ಕಡಿಮೆಯಿದ್ದಲ್ಲಿ ರಕ್ತಹೀನತೆಯೆಂದೂ, 7 ಗ್ರಾಂಗಿಂತ ಕಡಿಮೆಯಿದ್ದಲ್ಲಿ ತೀವ್ರ ರಕ್ತಹೀನತೆಯೆಂದೂ ಪರಿಗಣಿಸಲಾಗುತ್ತದೆ. ತೀವ್ರ ರಕ್ತಹೀನತೆಯಿರುವ ತಾಯಿಗೆ ಹೆರಿಗೆಯ ಸಮಯದ ಅಲ್ಪ ರಕ್ತಸ್ರಾವವೂ ಮಾರಕವಾಗಬಹುದು. ಆದ್ದರಿಂದ ಉಚಿತವಾಗಿ ನೀಡಲಾಗುವ ಕಬ್ಬಿಣಾಂಶದ ಮಾತ್ರೆಗಳನ್ನು ನಾಲ್ಕನೇ ತಿಂಗಳಿನಿಂದ ಪ್ರತಿದಿನ ತಪ್ಪದೆ ಸೇವಿಸಬೇಕು. ಈ ಮಾತ್ರೆಯನ್ನು ಚಹಾ, ಕಾಫಿ ಅಥವಾ ಹಾಲಿನೊಂದಿಗೆ ಸೇವಿಸಬಾರದು. ಸುಣ್ಣಾಂಶದ (ಕ್ಯಾಲ್ಸಿಯಂ) ಮಾತ್ರೆಯನ್ನು ಕನಿಷ್ಠ 2 ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬೇಕು. ಮಲ ಕಪ್ಪಾಗುವುದು ಈ ಮಾತ್ರೆಯ ಸಾಮಾನ್ಯ ಪರಿಣಾಮವಾಗಿದ್ದು, ಇದಕ್ಕಾಗಿ ಮಾತ್ರೆ ನಿಲ್ಲಿಸುವ ಅಗತ್ಯವಿಲ್ಲ.

ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು:

1. ಯಾವುದೇ ಪ್ರಮಾಣದ ರಕ್ತಸ್ರಾವ.
2. ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ, ಮುಖ ಮತ್ತು ಕೈಗಳಲ್ಲಿ ಊತ, ಫಿಟ್ಸ್ (ಸೆಳವು). ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ವಿಶೇಷ ನಿಗಾ ಅಗತ್ಯ.
3. ಮಗುವಿನ ಚಲನೆ ಕಡಿಮೆಯಾಗುವುದು ಅಥವಾ ನಿಲ್ಲುವುದು.
4. ನೋವು ಆರಂಭವಾಗುವ ಮೊದಲೇ ನೀರು ಹೋಗುವುದು.
5. ತೀವ್ರ ಜ್ವರ, ಉಸಿರಾಟದ ತೊಂದರೆ, ಹೊಟ್ಟೆನೋವು.

ಬಾಣಂತಿಯರ ಆರೈಕೆ

ಹೆರಿಗೆಯ ನಂತರ ಕನಿಷ್ಠ 48 ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೇ ಇರುವುದು ಕ್ಷೇಮಕರ. ಮಗುವಿಗೆ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು. ಮೊದಲ ಗಿಣ್ಣುಹಾಲನ್ನು ಚೆಲ್ಲಬಾರದು. ಬಾಣಂತಿಗೆ ನೀರು ಕಡಿಮೆ ಕೊಡುವುದು, ತರಕಾರಿ ನಿಷೇಧಿಸುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು ಮುಂತಾದ ಪದ್ಧತಿಗಳು ತಾಯಿ ಮಗು ಇಬ್ಬರಿಗೂ ಹಾನಿಕರ. ಆಶಾ ಕಾರ್ಯಕರ್ತೆಯರು ಹೆರಿಗೆಯ ನಂತರದ 42 ದಿನಗಳವರೆಗೆ ನಿಗದಿತ ದಿನಗಳಂದು ಮನೆಗೆ ಭೇಟಿ ನೀಡುತ್ತಾರೆ. ಅಧಿಕ ರಕ್ತಸ್ರಾವ, ದುರ್ವಾಸನೆಯ ಸ್ರಾವ ಅಥವಾ ಜ್ವರವಿದ್ದಲ್ಲಿ ಈ ಭೇಟಿಗಾಗಿ ಕಾಯದೆ ಕೂಡಲೇ ಆಸ್ಪತ್ರೆಗೆ ತೆರಳಬೇಕು.

ವಯೋವೃದ್ಧ ರೋಗಿಗಳ ಶುಶ್ರೂಷೆ

ಹಾಸಿಗೆ ಹಿಡಿದ ವೃದ್ಧರಿಗೆ ಒತ್ತಡದ ಹುಣ್ಣು ಬಹುದೊಡ್ಡ ಅಪಾಯ. ಒಂದೇ ಭಂಗಿಯಲ್ಲಿ ಮಲಗಿದಾಗ ಎಲುಬು ಉಬ್ಬಿರುವ ಜಾಗಗಳಲ್ಲಿ, ಅಂದರೆ ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ, ರಕ್ತಸಂಚಾರಕ್ಕೆ ತಡೆಯುಂಟಾಗಿ ಚರ್ಮ ನಶಿಸುತ್ತದೆ. ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಅಥವಾ ಕಪ್ಪು ಛಾಯೆ ಇದರ ಮೊದಲ ಸೂಚನೆ. ಇದನ್ನು ತಡೆಯಲು 2 ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು, ಹಾಸಿಗೆಯನ್ನು ಒಣಗಿರುವಂತೆ ಹಾಗೂ ಸುಕ್ಕಿಲ್ಲದಂತೆ ಇಡಬೇಕು. ಮಲಮೂತ್ರವಾದ ಕೂಡಲೇ ಶುಚಿಗೊಳಿಸಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು.

ಆಹಾರ ಕೊಡುವಾಗ ರೋಗಿಯನ್ನು ನೆಟ್ಟಗೆ ಕೂರಿಸಬೇಕು. ಮಲಗಿಸಿಕೊಂಡು ಉಣಿಸಿದಲ್ಲಿ ಆಹಾರ ಶ್ವಾಸಕೋಶಕ್ಕೆ ಸೇರಿ ನ್ಯುಮೋನಿಯಾ ಉಂಟಾಗಬಹುದು. ವೃದ್ಧರಿಗೆ ಬಾಯಾರಿಕೆಯ ಅರಿವು ಕಡಿಮೆಯಿರುವುದರಿಂದ, ವೈದ್ಯರು ನೀರಿನ ಮಿತಿ ಹೇಳಿಲ್ಲದಿದ್ದಲ್ಲಿ, ಆಗಾಗ್ಗೆ ನೀರು ಕೊಡುತ್ತಿರಬೇಕು. ಬೀಳುವುದನ್ನು ತಪ್ಪಿಸಲು ಬಚ್ಚಲುಮನೆಯಲ್ಲಿ ಹಿಡಿಕೆ, ರಾತ್ರಿ ಮಂದ ದೀಪ ಇರತಕ್ಕದ್ದು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಬಿಸಿನೀರಿನ ಚೀಲ ಇಡಬಾರದು.

ವೃದ್ಧರಲ್ಲಿ ಸೋಂಕು ತಗುಲಿದಾಗ ಜ್ವರ ಬಾರದೆಯೂ ಇರಬಹುದು. ನಿನ್ನೆಯವರೆಗೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡಿದರೆ, ಮಂಕಾದರೆ ಅಥವಾ ಊಟ ಬಿಟ್ಟರೆ ಅದನ್ನು ಅರಳುಮರಳು ಎಂದು ಭಾವಿಸದೆ ವೈದ್ಯರಿಗೆ ತೋರಿಸಬೇಕು. ಬಾಯಿ ಸೊಟ್ಟಗಾಗುವುದು, ಒಂದು ಕೈ ಬಲಹೀನವಾಗುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ನೀಡಬೇಕಾಗಿರುವುದರಿಂದ ಲಕ್ಷಣ ಆರಂಭವಾದ ಸಮಯವನ್ನು ವೈದ್ಯರಿಗೆ ತಿಳಿಸಬೇಕು.

ಶುಶ್ರೂಷೆಯ ಹೊಣೆ ಒಬ್ಬರ ಮೇಲೆಯೇ ಬೀಳದಂತೆ, ವಿಶೇಷವಾಗಿ ಮನೆಯ ಸೊಸೆ ಅಥವಾ ಮಗಳ ಮೇಲೆಯೇ ಬೀಳದಂತೆ, ಕುಟುಂಬದವರು ಸರದಿಯಂತೆ ಹಂಚಿಕೊಳ್ಳುವುದು ಸೂಕ್ತ. ಆಕೆಯೇ ಗರ್ಭಿಣಿಯಾಗಿದ್ದಲ್ಲಿ ರೋಗಿಯನ್ನು ಎತ್ತುವ, ಹೊರಳಿಸುವ ಕೆಲಸವನ್ನು ಬೇರೆಯವರು ನಿರ್ವಹಿಸತಕ್ಕದ್ದು.

ದೊರೆಯುವ ಸೌಲಭ್ಯಗಳು

1. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ (2011): ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ ಮತ್ತು ವಾಹನ ಸೌಲಭ್ಯ ಸಂಪೂರ್ಣ ಉಚಿತ.
2. ಜನನಿ ಸುರಕ್ಷಾ ಯೋಜನೆ (2005): ಬಡತನ ರೇಖೆಗಿಂತ ಕೆಳಗಿರುವ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಹಿಳೆಯರಿಗೆ ಸಾಂಸ್ಥಿಕ ಹೆರಿಗೆಗೆ ಸಹಾಯಧನ.
3. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ (2017): ಅರ್ಹ ತಾಯಂದಿರಿಗೆ ಮೊದಲ ಮಗುವಿಗೆ ರೂ. 5,000; ಎರಡನೇ ಮಗು ಹೆಣ್ಣಾದಲ್ಲಿ ರೂ. 6,000. ಅರ್ಜಿಗಾಗಿ ಅಂಗನವಾಡಿ ಕಾರ್ಯಕರ್ತೆಯನ್ನು ಸಂಪರ್ಕಿಸುವುದು.
4. ವಯೋವೃದ್ಧರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮ: ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಪ್ರತ್ಯೇಕ ಹಾಸಿಗೆ ಹಾಗೂ ಫಿಸಿಯೋಥೆರಪಿಗೆ ಅವಕಾಶ ಕಲ್ಪಿಸಲಾಗಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಆಸ್ಪತ್ರೆಗಳಲ್ಲಿ ಅವರಿಗೆ ಪ್ರತ್ಯೇಕ ಸರದಿ ಸಾಲು ಇರಬೇಕೆಂದು ಹೇಳುತ್ತದೆ.

ಅರ್ಜಿ ಸಲ್ಲಿಸುವಾಗ ತಾಯಿ ಕಾರ್ಡ್, ಆಧಾರ್, ಪಡಿತರ ಚೀಟಿ ಹಾಗೂ ಫಲಾನುಭವಿಯ ಹೆಸರಿನ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ದಾಖಲೆಗಳು ಕೈಯಲ್ಲಿಲ್ಲವೆಂಬ ಕಾರಣಕ್ಕೆ ತುರ್ತು ಸಂದರ್ಭದಲ್ಲಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು. ಉಚಿತ ಸೇವೆಗೆ ಹಣ ಕೇಳಿದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.

ತುರ್ತು ವಾಹನಕ್ಕಾಗಿ 108, ಹಿರಿಯ ನಾಗರಿಕರ ಸಹಾಯವಾಣಿಗಾಗಿ 14567 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಲು ಕೋರಲಾಗಿದೆ.