ಶೌಚಗುಂಡಿಯ ನೀರು ಎಲ್ಲಿಗೆ ಹೋಗುತ್ತದೆ? – ಪರವಾನಿಗೆ ನೀಡುವ ಮೊದಲು ಸದಸ್ಯರು ಗಮನಿಸಬೇಕಾದ ವಿಚಾರಗಳು

ಗ್ರಾಮ ಸಭೆಗಳಲ್ಲಿ ಶೌಚಗುಂಡಿಯ ವಿಚಾರವು ಸಾಮಾನ್ಯವಾಗಿ ದೂರಿನ ರೂಪದಲ್ಲಿಯೇ ಬರುತ್ತದೆ. ನೆರೆಮನೆಯ ಗುಂಡಿ ಉಕ್ಕಿ ಹರಿಯುತ್ತಿದೆ ಎಂದೋ, ಬಾವಿಯ ನೀರಿನಲ್ಲಿ ವಾಸನೆ ಬರುತ್ತಿದೆ ಎಂದೋ ಅರ್ಜಿ ಬಂದಾಗ ಪಂಚಾಯತ್ ಸ್ಥಳ ಪರಿಶೀಲನೆ ನಡೆಸಿ ನೋಟಿಸು ನೀಡುತ್ತದೆ. ಆದರೆ ಆ ವೇಳೆಗೆ ಮನೆ ಕಟ್ಟಿ ಮುಗಿದಿರುತ್ತದೆ, ಗುಂಡಿಯನ್ನು ಸ್ಥಳಾಂತರಿಸಲು ಜಾಗವೂ ಇರುವುದಿಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರಂತೆ ಕಟ್ಟಡ ನಿರ್ಮಾಣಕ್ಕೆ ಅನುಮತಿ ನೀಡುವ ಅಧಿಕಾರವು ಗ್ರಾಮ ಪಂಚಾಯತಿಗೆ ಇದೆ. ಶೌಚಗುಂಡಿಯ ತೊಂದರೆಯನ್ನು ತಡೆಯಲು ನಮಗೆ ದೊರೆಯುವ ಉತ್ತಮ ಅವಕಾಶವು ಆ ಕಡತ ಮೇಜಿನ ಮೇಲಿರುವಾಗಲೇ.

ಸೆಪ್ಟಿಕ್ ಟ್ಯಾಂಕ್ ನೀರನ್ನು ಶುದ್ಧಗೊಳಿಸುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಟ್ಯಾಂಕಿನಲ್ಲಿ ಭಾರವಾದ ಅಂಶವು ಕೆಸರಾಗಿ ತಳ ಸೇರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಕೆಸರಿನ ಒಂದು ಭಾಗವನ್ನು ಕರಗಿಸುತ್ತವೆ. ಹೊರಬರುವ ನೀರಿನಲ್ಲಿ ರೋಗಾಣುಗಳು ಹಾಗೆಯೇ ಇರುತ್ತವೆ. ಅವುಗಳನ್ನು ಸೋಸುವ ನಿಜವಾದ ಕೆಲಸ ನಡೆಯುವುದು ಇಂಗುಗುಂಡಿಯ ಸುತ್ತಲಿನ ಮಣ್ಣಿನಲ್ಲಿ. ಆದುದರಿಂದ ನಕ್ಷೆಯಲ್ಲಿ ‘ಸೆಪ್ಟಿಕ್ ಟ್ಯಾಂಕ್’ ಎಂದು ಬರೆದ ಚೌಕವನ್ನು ಕಂಡು ತೃಪ್ತಿಪಡುವುದು ಸಾಲದು. ಅದರ ಮುಂದಿನ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ರಸ್ತೆಬದಿಯ ಮಳೆನೀರಿನ ಚರಂಡಿಗೆ ಎಂಬ ಉತ್ತರವನ್ನು ಯಾವ ಕಾರಣಕ್ಕೂ ಒಪ್ಪಬಾರದು.

ನಮ್ಮ ಜಿಲ್ಲೆಯ ಮಣ್ಣು ಈ ವಿಷಯದಲ್ಲಿ ನಮಗೆ ಅಷ್ಟೇನೂ ಅನುಕೂಲಕರವಲ್ಲ. ಉಡುಪಿ, ಮಣಿಪಾಲ ಹಾಗೂ ಕಾರ್ಕಳದ ಹೆಚ್ಚಿನ ಭಾಗದಲ್ಲಿರುವುದು ಮುರಕಲ್ಲು. ಮನೆ ಕಟ್ಟಲು ಅದು ಶ್ರೇಷ್ಠ, ಸೋಸಲು ಅಲ್ಲ. ಅದರೊಳಗಿನ ರಂಧ್ರಗಳು ಮತ್ತು ಬಿರುಕುಗಳ ಮೂಲಕ ನೀರು ಬೇಗನೆ ಹರಿದುಹೋಗುತ್ತದೆ. ಮಣ್ಣಿನಲ್ಲಿ ನಿಧಾನವಾಗಿ ಇಂಗಿದ್ದರೆ ಸಾಯಬಹುದಾಗಿದ್ದ ರೋಗಾಣುಗಳು ಬಾವಿಯವರೆಗೂ ತಲುಪಬಹುದು. ಕಾರ್ಕಳದಲ್ಲಿ ಕೆಲವೆಡೆ ಅಡಿಯಲ್ಲಿಯೇ ಕರಿಬಂಡೆ ಸಿಗುತ್ತದೆ. ಅಲ್ಲಿ ನೀರು ಇಂಗುವುದೇ ಇಲ್ಲ, ಬಂಡೆಯ ಮೇಲೆ ಇಳಿಜಾರಿನತ್ತ ಸರಿಯುತ್ತದೆ. ಕಾಪುವಿನ ಕಡಲಬದಿಯ ಹೊಯಿಗೆ ನೆಲದಲ್ಲಿ ಅಂತರ್ಜಲವು ಮಳೆಗಾಲದಲ್ಲಿ ಕೈಗೆಟುಕುವಷ್ಟು ಮೇಲಕ್ಕೆ ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿಯೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಊರಿನಲ್ಲಿ ಬೇಸಗೆಯಲ್ಲಿ ಸರಿಯಿದ್ದ ಇಂಗುಗುಂಡಿಯು ಆಟಿ ತಿಂಗಳಿನಲ್ಲಿ ಉಕ್ಕಿದರೆ ಆಶ್ಚರ್ಯವಿಲ್ಲ.

ಇನ್ನು ಅಂತರದ ಪ್ರಶ್ನೆ. ಭಾರತೀಯ ಮಾನಕ ಐ.ಎಸ್. 2470ರ ಪ್ರಕಾರ ಟ್ಯಾಂಕಿನ ನೀರನ್ನು ಇಂಗಿಸುವ ವ್ಯವಸ್ಥೆಯು ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ಈಗ 5 ಸೆಂಟ್ಸ್ ನಿವೇಶನವನ್ನು ಗಮನಿಸಿ. ಅದರ ವಿಸ್ತೀರ್ಣ ಸುಮಾರು 202 ಚದರ ಮೀಟರ್. ಚೌಕವಾಗಿದ್ದರೆ ಪ್ರತಿ ಬದಿ 14 ಮೀಟರ್, ಮೂಲೆಯಿಂದ ಮೂಲೆಗೆ 20 ಮೀಟರ್. ಅಂದರೆ ಬಾವಿ ಒಂದು ಮೂಲೆಯಲ್ಲಿ, ಇಂಗುಗುಂಡಿ ಎದುರು ಮೂಲೆಯಲ್ಲಿ ಇದ್ದರೆ ಮಾತ್ರ ಲೆಕ್ಕ ಹೇಗೋ ಹೊಂದುತ್ತದೆ. ಆ ಎದುರು ಮೂಲೆಯ ಆವರಣ ಗೋಡೆಯಾಚೆ ನೆರೆಯವರ ಬಾವಿ ಇದ್ದರೆ ಅದೂ ತಪ್ಪುತ್ತದೆ. ಅರ್ಜಿದಾರರ ನಕ್ಷೆಯಲ್ಲಿ ನೆರೆಯವರ ಬಾವಿ ಕಾಣಿಸುವುದಿಲ್ಲ. ಆದುದರಿಂದ ಸುತ್ತಲಿನ ನಿವೇಶನಗಳ ಬಾವಿಗಳನ್ನೂ ಗುರುತಿಸಿದ ಕೈನಕ್ಷೆಯನ್ನು ಕಡತದೊಂದಿಗೆ ಕೇಳುವುದು ಸೂಕ್ತ. ವಾರ್ಡಿನ ಸದಸ್ಯರಿಗೆ ಈ ಮಾಹಿತಿ ಯಾವ ಅಭಿಯಂತರರಿಗಿಂತಲೂ ಚೆನ್ನಾಗಿ ತಿಳಿದಿರುತ್ತದೆ.

ಅಂತರ ಸಿಗದಿದ್ದಲ್ಲಿ ಅನುಮತಿ ನಿರಾಕರಿಸಿ ಕುಳಿತುಕೊಳ್ಳಬೇಕೆಂದೇನೂ ಇಲ್ಲ. ಇಂಗುಗುಂಡಿಯನ್ನು ಆಳಕ್ಕೆ ತೋಡುವ ಬದಲು ನೆಲಮಟ್ಟಕ್ಕಿಂತ ಎತ್ತರಿಸಿ ಸುತ್ತಲೂ ಮಣ್ಣೇರಿಸಬಹುದು, ಗುಂಡಿಯ ತಳವನ್ನು ಮುಚ್ಚಿ ಸುತ್ತಲೂ ಅರ್ಧ ಮೀಟರ್ ದಪ್ಪದ ಹೊಯಿಗೆಯ ಪದರ ಹಾಕಬಹುದು, ಅಥವಾ ನಾಲ್ಕಾರು ಮನೆಗಳಿಗೆ ಸೇರಿ ಒಂದೇ ವ್ಯವಸ್ಥೆ ಮಾಡಬಹುದು. ಇವು ಅಪಾಯವನ್ನು ತಗ್ಗಿಸುತ್ತವೆಯೇ ಹೊರತು 18 ಮೀಟರಿಗೆ ಪೂರ್ಣ ಬದಲಿಯಲ್ಲ. ಅಂತಹ ಮನೆಗಳ ಬಾವಿ ನೀರನ್ನು ಪಂಚಾಯತಿನಲ್ಲಿರುವ ಪರೀಕ್ಷಾ ಕಿಟ್‌ನಿಂದ ಮಳೆಗಾಲದಲ್ಲಿ ಒಮ್ಮೆಯಾದರೂ ಪರೀಕ್ಷಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಸೀಸೆಯಲ್ಲಿ ತುಂಬಿದ ನೀರು ಒಂದೆರಡು ದಿನಗಳಲ್ಲಿ ಕಪ್ಪಾದರೆ ಮಲಿನವಾಗಿರುವ ಸಂಭವ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಮಾತ್ರ ಹೋಗುವುದಿಲ್ಲ ಎಂಬುದನ್ನೂ ಮನೆಯವರಿಗೆ ತಿಳಿಸಬೇಕು.

ಟ್ಯಾಂಕಿನ ಅಳತೆಯ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಐದು ಜನರ ಕುಟುಂಬಕ್ಕೆ ಸುಮಾರು 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ಒಂದು ಮೀಟರಿಗಿಂತ ತುಸು ಹೆಚ್ಚು ನೀರಿನ ಆಳ ಸಾಕು. ತಳ ಹಾಗೂ ಗೋಡೆ ಸೋರದಂತಿರಬೇಕು. ಮಣಿಪಾಲದ ಅಂಚಿನ ಗ್ರಾಮಗಳಲ್ಲಿ ತೊಂದರೆ ಬೇರೆಯೇ. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯ ಮೇಲೆ ಮಹಡಿ ಏರಿಸಿ ಹತ್ತಾರು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟರೂ ಟ್ಯಾಂಕ್ ಮೊದಲಿನದೇ ಇರುತ್ತದೆ. ನೀರು ನಿಲ್ಲಲು ಸಮಯ ಸಿಗದೆ ಕೆಸರು ಇಂಗುಗುಂಡಿಗೆ ಹರಿದು ಅದರ ಬಾಯಿ ಕಟ್ಟುತ್ತದೆ. ಮಹಡಿಗೆ ಅನುಮತಿ ಕೇಳಿದಾಗ ಟ್ಯಾಂಕನ್ನೂ ಮರುಲೆಕ್ಕ ಹಾಕಿಸಬೇಕು.

ಎರಡು ಮೂರು ವರ್ಷಗಳಿಗೊಮ್ಮೆ, ಕೆಸರು ಮತ್ತು ಜಿಡ್ಡು ಸೇರಿ ಆಳದ ಮೂರನೆಯ ಒಂದು ಭಾಗವನ್ನು ಮೀರುವ ಮೊದಲೇ, ಟ್ಯಾಂಕ್ ಬರಿದು ಮಾಡಿಸಬೇಕು. ಅಂಗಳಕ್ಕೆ ಇಂಟರ್‌ಲಾಕ್ ಹಾಸುವಾಗ ಮುಚ್ಚಳವನ್ನೇ ಮುಚ್ಚಿಬಿಡುವ ಹೊಸ ರೂಢಿಯಿಂದ ಈ ಕೆಲಸ ಮುಂದೆ ಹೋಗುತ್ತದೆ. ಕೊನೆಗೆ ಗುಂಡಿ ಉಕ್ಕಿದಾಗ ಅದೆಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಕರಾವಳಿಯಲ್ಲಿ ಈ ಕೆಲಸವನ್ನು ಬೇಸಗೆಯಲ್ಲಿಯೇ ಮುಗಿಸಿ ಟ್ಯಾಂಕಿಗೆ ಮತ್ತೆ ನೀರು ತುಂಬಿಸಬೇಕು, ಇಲ್ಲವಾದರೆ ಮಳೆ ಬಂದಾಗ ಖಾಲಿ ಟ್ಯಾಂಕನ್ನು ಅಂತರ್ಜಲವೇ ಮೇಲಕ್ಕೆತ್ತಬಹುದು. ಮನೆಯವರು ಡಯಾಪರ್, ಸ್ಯಾನಿಟರಿ ಪ್ಯಾಡ್, ಅಡುಗೆ ಎಣ್ಣೆ ಹಾಕದಿರುವುದು, ಛಾವಣಿಯ ಮಳೆನೀರನ್ನು ಜೋಡಿಸದಿರುವುದು, ಆಸಿಡ್‌ನ ಬಳಕೆ ಮಿತಿಗೊಳಿಸುವುದು ಇಷ್ಟಾದರೆ ಸಾಕು. ಗುಂಡಿ ಬರಿದು ಮಾಡುವುದೇ ಬೇಡ ಎಂದು ಪುಡಿ ಮಾರುವವರ ಮಾತನ್ನು ನಂಬಬೇಕಾಗಿಲ್ಲ.

ಅತ್ಯಂತ ಗಂಭೀರವಾದ ವಿಚಾರವೊಂದಿದೆ. ಟ್ಯಾಂಕಿನೊಳಗೆ ಇಳಿದವರು ಉಸಿರುಗಟ್ಟಿ ಸಾಯುತ್ತಾರೆ. ರಕ್ಷಿಸಲು ಇಳಿದವರೂ ಸಾಯುತ್ತಾರೆ. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಹೆಚ್ಚಾದಾಗ ಮೂಗಿಗೆ ಅದರ ವಾಸನೆ ತಿಳಿಯುವುದೇ ನಿಲ್ಲುತ್ತದೆ, ಆದುದರಿಂದ ವಾಸನೆ ಇಲ್ಲವೆಂಬುದು ಸುರಕ್ಷತೆಯ ಗುರುತಲ್ಲ. 2013ರ ಮಲ ಹೊರುವ ಪದ್ಧತಿ ನಿಷೇಧ ಅಧಿನಿಯಮದ ಪ್ರಕರಣ 7ರಂತೆ ಸುರಕ್ಷತಾ ವ್ಯವಸ್ಥೆಯಿಲ್ಲದೆ ಯಾರನ್ನಾದರೂ ಟ್ಯಾಂಕಿಗೆ ಇಳಿಸುವುದು ಅಪರಾಧ. ಮೊದಲ ಸಲಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಳಿಸಿದ ಮನೆ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಇಂತಹ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ‘ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತಾರೆ’ ಎಂಬ ಮಾತು ಊರಿನಲ್ಲಿ ಕೇಳಿಬಂದಲ್ಲಿ ಸದಸ್ಯರು ಅಂದೇ ತಡೆಯಬೇಕು.

ಯಂತ್ರದ ವಾಹನವೇ ಬಂದರೂ ಅದು ಹೀರಿದ್ದನ್ನು ಎಲ್ಲಿ ಸುರಿಯುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ರಾಜ್ಯದ ದೇವನಹಳ್ಳಿಯಲ್ಲಿ 2015ರಿಂದಲೇ ಮಲತ್ಯಾಜ್ಯ ಸಂಸ್ಕರಣಾ ಘಟಕವೊಂದು ಕೆಲಸ ಮಾಡುತ್ತಿದೆ. ಒಣಕಸಕ್ಕಾಗಿ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯತ್‌ಗಳು ಒಂದೇ ಘಟಕವನ್ನು ಬಳಸುವ ಕ್ರಮ ನಮ್ಮಲ್ಲಿಯೇ ಇದೆ. ಮಲತ್ಯಾಜ್ಯಕ್ಕೂ ಅದೇ ರೀತಿ ಸೇರಿ ಯೋಚಿಸಬಹುದು. ಅಲ್ಲಿಯವರೆಗೆ ಪ್ರತಿ ವಾಹನವೂ ಸುರಿಯುವ ಸ್ಥಳದ ಒಪ್ಪಿಗೆ ಪತ್ರವನ್ನು ಹಾಜರುಪಡಿಸಿದ ನಂತರವೇ ಗ್ರಾಮದಲ್ಲಿ ಕೆಲಸ ಮಾಡುವಂತೆ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಂಡು, ಮನೆ ಸಂಖ್ಯೆ, ದಿನಾಂಕ ಹಾಗೂ ಸುರಿದ ಸ್ಥಳವನ್ನು ವಹಿಯಲ್ಲಿ ನಮೂದಿಸಬಹುದು.