ಪಿಯುಸಿಯಲ್ಲಿ ಕೈಬಿಡುವ ವಿಷಯಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗಳು ಪಿಯುಸಿಯ ಕಾಂಬಿನೇಷನ್ ಅನ್ನು, ಅಂದರೆ ಎರಡು ಭಾಷೆಗಳ ಜೊತೆ ಓದಬೇಕಾದ ನಾಲ್ಕು ಐಚ್ಛಿಕ ವಿಷಯಗಳ ಗುಂಪನ್ನು, ನಿರ್ಧರಿಸಬೇಕಾಗುತ್ತದೆ. ಆಗ ಅಂಕಪಟ್ಟಿ, ಗೆಳೆಯರ ಆಯ್ಕೆ, ಬಂಧುಗಳ ಸಲಹೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಯಾವ ವಿಷಯ ಬಿಟ್ಟರೆ ಯಾವ ಪದವಿ ಕೈತಪ್ಪುತ್ತದೆ ಎಂಬ ವಿಚಾರ ಮಾತ್ರ ಹಿಂದೆ ಬೀಳುತ್ತದೆ.

ಪಿಸಿಎಂಸಿ ಎಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಗಣಕ ವಿಜ್ಞಾನ. ಇದನ್ನು ಓದಿದವರಿಗೆ 1963ರಲ್ಲಿ ಆರಂಭವಾದ, ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ದಾರಿ ತೆರೆದಿರುತ್ತದೆ. ಆದರೆ ಜೀವಶಾಸ್ತ್ರ ಓದದ ಕಾರಣ ಅದೇ ಊರಿನ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಾಗಲಿ, 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತೋಟಗಾರಿಕೆ ಪದವಿಯಾಗಲಿ ಅವರಿಗೆ ದಕ್ಕುವುದಿಲ್ಲ. ತೋಟಗಾರಿಕೆಯ ಮಾತು ಈ ಜಿಲ್ಲೆಯ ಮಟ್ಟಿಗೆ ಹೆಚ್ಚು ಮುಖ್ಯ, ಏಕೆಂದರೆ ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಇದ್ದು, ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬೇಕಾಗುತ್ತದೆ. ದಾಳಿಂಬೆ ತೋಟದಲ್ಲಿ ಬೆಳೆದ ಹುಡುಗಿಗೆ ಮನೆಯಲ್ಲೇ ಸಿಕ್ಕಿರುವ ಈ ತಿಳಿವಳಿಕೆ, ಜೀವಶಾಸ್ತ್ರ ಬಿಟ್ಟ ಒಂದೇ ಕಾರಣಕ್ಕೆ ಪ್ರವೇಶದ ವೇಳೆ ಉಪಯೋಗಕ್ಕೆ ಬಾರದೆ ಹೋಗುವುದು ನಿಜಕ್ಕೂ ನಷ್ಟ.

ಕಲಾ ವಿಭಾಗವನ್ನು ಕಡಿಮೆ ಅಂಕದವರ ಪಾಲೆಂದು ತಿಳಿಯುವುದು, ಬಾದಾಮಿಯಂಥ ಊರಿನಲ್ಲಂತೂ, ದೊಡ್ಡ ತಪ್ಪು. ಅಲ್ಲಿನ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ರವಿಕೀರ್ತಿ ರಚಿಸಿದ 634ರ ಶಾಸನವಿದೆ. ಇಂಥವನ್ನು ಓದಿ ಅರ್ಥೈಸುವ ಶಾಸನಶಾಸ್ತ್ರಕ್ಕೂ ಪುರಾತತ್ತ್ವಕ್ಕೂ ಪಿಯುಸಿಯ ಇತಿಹಾಸ, ಕನ್ನಡ, ಸಂಸ್ಕೃತಗಳೇ ಅಡಿಪಾಯ.

ವಾಣಿಜ್ಯ ವಿಭಾಗಕ್ಕೂ ಜಿಲ್ಲೆಯಲ್ಲೇ ಉದಾಹರಣೆಯಿದೆ. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ, ಹೀಗಾಗಿ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಸಿದ್ಧಪಡಿಸಬೇಕು. ನೂಲು, ಬಣ್ಣ, ಕೂಲಿ ಸೇರಿಸಿ ಅದರ ಅಸಲು ಬೆಲೆ ಕಟ್ಟುವುದಕ್ಕೆ ಲೆಕ್ಕಶಾಸ್ತ್ರ ಬೇಕು, ನೇಕಾರರ ಮಕ್ಕಳು ವಾಣಿಜ್ಯ ಓದುವುದಕ್ಕೆ ಇದು ಸಾಕಷ್ಟು ಗಟ್ಟಿಯಾದ ಕಾರಣ. ಪಿಯುಸಿಯೇ ಬೇಡವೆನ್ನುವವರಿಗೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರುವ ಅವಕಾಶವೂ ಇದೆ.

ಎಲ್ಲ ಕಾಲೇಜುಗಳಲ್ಲಿ ಎಲ್ಲ ಕಾಂಬಿನೇಷನ್‌ಗಳು ಇರುವುದಿಲ್ಲವಾದ್ದರಿಂದ ಹಳ್ಳಿಯ ಮಕ್ಕಳ ಆಯ್ಕೆಯನ್ನು ಹಲವು ಬಾರಿ ಬಸ್ಸಿನ ವೇಳೆಯೂ ಹಾಸ್ಟೆಲಿನ ಸೀಟೂ ನಿರ್ಧರಿಸುತ್ತವೆ. ವೃತ್ತಿಪರ ಪದವಿಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಮಾಹಿತಿ ಪುಸ್ತಿಕೆಯಲ್ಲಿ ಅಂಥ ಪ್ರತಿ ಪದವಿಗೂ ಬೇಕಾದ ವಿಷಯಗಳನ್ನು ಮುದ್ರಿಸಿರುತ್ತಾರೆ. ಆ ಪುಟಗಳನ್ನು ಹತ್ತನೆಯ ತರಗತಿಯಲ್ಲಿರುವಾಗಲೇ, ಪಾಲಕರ ಸಭೆಯಲ್ಲಿ, ಶಿಕ್ಷಕರು ಓದಿ ಹೇಳಬೇಕು.